ಯೂನಿಟ್ ಅಕ್ಕನ ಲೆಕ್ಕ: ಹನ್ನೆರಡಲ್ಲ, ಐದು

ಬೆಳಗಿನ ಐದೂವರೆ. ಗೋದಾಮುಗಳ ಹಿಂದೆ, ಜಲ್ಲಿ ಹಾಸಿದ ಮೈದಾನದಲ್ಲಿ ಚಕ್ರದ ಮೇಲಿನ ಒಂಟಿ ಕೋಣೆ ಮನೆಗಳಂಥ ನಲವತ್ತಾರು ಪುಟ್ಟ ಕ್ಯಾಂಪರ್‌ಗಳು ಒತ್ತೊತ್ತಾಗಿ ನಿಂತಿವೆ. ಹನ್ನೊಂದನೆಯದರ ಪಕ್ಕದ ವಿದ್ಯುತ್ ಕಂಬದ ಬುಡದಲ್ಲಿ ಐವತ್ತೆಂಟರ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಬಾಯಲ್ಲಿ ಟಾರ್ಚು, ಮಂಡಿಯ ಮೇಲೆ ನೋಟುಬುಕ್ಕು. ಕಂಬಕ್ಕೂ ಗಾಡಿಯ ವೈರಿಗೂ ನಡುವೆ ನಿನ್ನೆ ಇದೇ ಹೊತ್ತಿಗೆ ಸಿಕ್ಕಿಸಿ ಹೋಗಿದ್ದ ಅಂಗೈಯಗಲದ ಮೀಟರಿನ ಅಂಕಿಯನ್ನು ಬರೆದುಕೊಳ್ಳುತ್ತಿದ್ದಾರೆ.

ಬಾಗಿಲು ತೆರೆದು ಬೇಕರಿ ಕೆಲಸದವನೊಬ್ಬ ಹಲ್ಲುಜ್ಜುತ್ತಲೇ ಇಣುಕುತ್ತಾನೆ. "ಎಷ್ಟಾಯ್ತಕ್ಕಾ?"

"ಮೂರೂಮುಕ್ಕಾಲು. ನಿನ್ನ ಫ್ರಿಜ್ಜು ಕುಡುಕನ ಥರ ಕುಡೀತಿದೆ ಮಾರಾಯ. ಬಾಗಿಲ ರಬ್ಬರ್ ಸತ್ತು ಎಷ್ಟು ದಿನ ಆಯ್ತೋ ಏನೋ. ಅದನ್ನ ಬದಲಾಯ್ಸು, ಒಂದು ಯೂನಿಟ್ ಉಳಿಯುತ್ತೆ."

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಯೂನಿಟ್ ಅಕ್ಕ ಎಂದು. ಮೋಟಾರು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ತಾಮ್ರದ ತಂತಿ ಸುತ್ತಿದವರು. ಕಾರ್ಖಾನೆಗೆ ಬೀಗ ಬಿದ್ದ ವರ್ಷವೇ ಬಾಡಿಗೆ ಮನೆಯೂ ಕೈಬಿಟ್ಟಿತು. ಗಂಡ ಲಾರಿ ಓಡಿಸಿ ಸೊಂಟ ಕಳೆದುಕೊಂಡವರು. ಇಬ್ಬರೂ ಸೇರಿ ಹಳೆಯ ಕ್ಯಾಂಪರ್ ಒಂದನ್ನು ಕೊಂಡು ಇಲ್ಲಿಗೆ ಬಂದು ಆರು ವರ್ಷವಾಯಿತು. "ಇವಳಿಗೆ ನನ್ನ ಬಿ.ಪಿ. ಎಷ್ಟು ಅಂತ ಗೊತ್ತಿಲ್ಲ, ಪಕ್ಕದವರ ಹೀಟರ್ ಎಷ್ಟು ವ್ಯಾಟ್ ಅಂತ ಬಾಯಿಪಾಠ" ಎಂದು ಗಂಡ ರೇಗಿಸುತ್ತಾರೆ. ಅಕ್ಕ ನಗುವುದಿಲ್ಲ. ಇತ್ತೀಚೆಗೆ ಅವರು ನಗುವುದು ಕಮ್ಮಿ.

ಕಾರಣವಿದೆ. ಈ ಮೈದಾನಕ್ಕೆಲ್ಲ ಸೇರಿ ಇದ್ದದ್ದು ಗೇಟಿನ ಬಳಿಯ ಒಂದೇ ಮೀಟರು. ಗಾಡಿ ಗಾಡಿಗೆ ಎಷ್ಟು ಖರ್ಚಾಯಿತೆಂದು ಅಳೆಯುವ ಗೋಜಿಗೇ ಯಾರೂ ಹೋಗಿರಲಿಲ್ಲ. ಮೈದಾನದ ಮ್ಯಾನೇಜರ್ ಎಲ್ಲರ ಕರೆಂಟ್ ಚೀಟಿಯಲ್ಲೂ ಒಂದೇ ಸಾಲು ಬರೆಯುತ್ತಿದ್ದ: ಅಂದಾಜು, ದಿನಕ್ಕೆ ಹತ್ತು ಯೂನಿಟ್. ಒಂದೇ ಬಲ್ಬು ಉರಿಸುವ ವಾಚ್‌ಮನ್‌ಗೂ ಹತ್ತು, ಆರು ಜನ ಇರುವ ಸಂಸಾರಕ್ಕೂ ಹತ್ತು. ಕೇಳಿದರೆ, "ಇಷ್ಟ ಇಲ್ಲದಿದ್ರೆ ಗಾಡಿಗೆ ಚಕ್ರ ಇದೆಯಲ್ಲ, ಎಳ್ಕೊಂಡು ಹೋಗಿ."

ಹೋಗುವುದೆಲ್ಲಿಗೆ? ಅರ್ಧದಷ್ಟು ಗಾಡಿಗಳ ಟೈರುಗಳು ಮಣ್ಣು ಕಚ್ಚಿ ಕೂತಿವೆ.

ಕಳೆದ ಚಳಿಗಾಲ ಹತ್ತೊಂಬತ್ತನೇ ಗಾಡಿಗೆ ಉಸಿರಿನ ಯಂತ್ರವೊಂದು ಬಂತು. ಆಸ್ಪತ್ರೆ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹೆಣ್ಣುಮಗಳ ತಾಯಿಗೆ ಶ್ವಾಸಕೋಶದ ಕಾಯಿಲೆ. ದಿನಕ್ಕೆ ಹದಿನಾರು ಗಂಟೆ ಆಮ್ಲಜನಕ ಬೇಕೇ ಬೇಕು ಎಂದಿದ್ದರು ಡಾಕ್ಟರು. ಯಂತ್ರದ ಸದ್ದು ಕೇಳಿದ ಮ್ಯಾನೇಜರ್ ಬಾಗಿಲಲ್ಲೇ ನಿಂತು ಚೀಟಿ ತಿದ್ದಿದ: ಹತ್ತರ ಮೇಲೆ ಇನ್ನೂ ಹನ್ನೆರಡು. ಮೀಟರ್ ಇಟ್ಟು ನೋಡಲಿಲ್ಲ, ಯಂತ್ರದ ಹಿಂದೆ ಬರೆದ ವ್ಯಾಟನ್ನೂ ಓದಲಿಲ್ಲ. ಬಾಯಿಗೆ ಬಂದದ್ದು ಹನ್ನೆರಡು, ಬರೆದದ್ದು ಹನ್ನೆರಡು.

ಮಗಳು ಚೀಟಿಯನ್ನು ಅಡಗಿಸಿಟ್ಟಳು. ಆದರೆ ಮೂರು ಹೆಜ್ಜೆ ಉದ್ದದ ಗಾಡಿಯಲ್ಲಿ ಅಡಗಿಸಿಡಲು ಜಾಗವಾದರೂ ಎಲ್ಲಿ? ಮುದುಕಿಯ ಕಣ್ಣಿಗೆ ಅದು ಬಿತ್ತು. ಅವತ್ತಿನಿಂದ ಮಗಳು ಕೆಲಸಕ್ಕೆ ಹೊರಟ ಕೂಡಲೇ ಆಕೆ ಯಂತ್ರ ಆರಿಸತೊಡಗಿದರು, ಬರುವ ಹೊತ್ತಿಗೆ ಮತ್ತೆ ಹಚ್ಚತೊಡಗಿದರು. ಒಂಬತ್ತನೇ ದಿನ ಮಗಳು ಬಂದಾಗ ತಾಯಿ ನೆಲದ ಮೇಲಿದ್ದರು. ತುಟಿ ನೀಲಿಗಟ್ಟಿತ್ತು.

ಹನ್ನೊಂದು ದಿನ ಆಸ್ಪತ್ರೆ. ಜೀವ ಉಳಿಯಿತು. ನೋಡಲು ಹೋದ ಅಕ್ಕನ ಕೈ ಹಿಡಿದು ಮುದುಕಿ ಹೇಳಿದ ಮಾತು ಇದು: "ಮಗಳ ಸಂಬಳಾನ ನಾನು ಮೂಗಲ್ಲಿ ಎಳ್ಕೊಳ್ತಾ ಇದ್ದೀನಿ ಅನ್ನಿಸ್ತಮ್ಮ. ಅದಕ್ಕೇ ಆರಿಸ್ತಿದ್ದೆ."

ಅಕ್ಕ ಆಸ್ಪತ್ರೆಯಿಂದ ಬಂದವರೇ ಪೇಟೆಯಲ್ಲಿ ಕೊಂಡ ಪುಟ್ಟ ಮೀಟರೊಂದನ್ನು ಆ ಯಂತ್ರಕ್ಕೆ ಸಿಕ್ಕಿಸಿದರು. ಮುನ್ನೂರಿಪ್ಪತ್ತು ವ್ಯಾಟ್. ಹದಿನಾರು ಗಂಟೆಗೆ ಐದು ಯೂನಿಟ್ಟು, ಚಿಲ್ಲರೆ. ಹಗಲೂ ರಾತ್ರಿ ಬಿಡದೆ ಓಡಿದರೂ ಎಂಟು ದಾಟುವುದಿಲ್ಲ.

ನೋಟುಬುಕ್ಕು ಹಿಡಿದು ಆಫೀಸಿಗೆ ನಡೆದರು.

"ನೀವೇನು ಇಂಜಿನಿಯರಾ?" ಎಂದ ಮ್ಯಾನೇಜರ್.

"ಅಲ್ಲ. ಗುಣಾಕಾರ ಬರುತ್ತೆ. ನಿಮಗೆ ಬರಲ್ವಾ?"

ಮಧ್ಯಾಹ್ನದೊಳಗೆ ಅಕ್ಕನ ಗಾಡಿಯ ಕರೆಂಟು ಹೋಯಿತು. ರಿಪೇರಿ ಎಂದರು ಆಫೀಸಿನವರು. ಮೂರು ದಿನ ರಿಪೇರಿ. ಗಂಡ ಎರಡೆರಡು ಸ್ವೆಟರ್ ಹಾಕಿಕೊಂಡು ಕೂತರು. ಅಕ್ಕ ಪಕ್ಕದ ಗಾಡಿಯ ಒಲೆಯಲ್ಲಿ ಬೇಯಿಸಿಕೊಂಡು, ಅದರ ಜೊತೆಗೆ ಇನ್ನೂ ಮೂರು ಕೊಂಡು, ಆ ನಾಲ್ಕು ಮೀಟರುಗಳನ್ನು ಸರದಿಯ ಮೇಲೆ ಮನೆಮನೆಗೆ ಹೊತ್ತರು. ಹನ್ನೆರಡು ದಿನಕ್ಕೆ ನಲವತ್ತಾರೂ ಗಾಡಿ ಮುಗಿಯಿತು. ಸಣ್ಣ ಫ್ರಿಜ್ಜಿಗೆ ಮುಕ್ಕಾಲು ಯೂನಿಟ್ಟು, ದೀಪ, ಫ್ಯಾನು, ಫೋನು ಸೇರಿ ಕಾಲು, ನೀರು ಕಾಯಿಸಲು ಇನ್ನೊಂದು ಕಾಲು, ಕರೆಂಟ್ ಒಲೆಗೆ ಒಂದು. ಚಳಿಗೆ ಮೂರು ಗಂಟೆ ಹೀಟರ್ ಹಾಕಿದರೆ ಮೇಲೆ ಎರಡೂಕಾಲು. ಎಷ್ಟು ಎಳೆದಾಡಿದರೂ ಸಾಧಾರಣ ಗಾಡಿಯೊಂದು ನಾಲ್ಕೂವರೆ ದಾಟದು.

ಕೊನೆಗೆ ಎರಡು ಬೆಳಗು ಗೇಟಿನ ದೊಡ್ಡ ಮೀಟರಿನ ಗಾಜಿಗೆ ಟಾರ್ಚ್ ಹಿಡಿದರು. ಇಡೀ ಮೈದಾನ ಒಂದು ದಿನಕ್ಕೆ ಬಳಸಿದ್ದು ಇನ್ನೂರ ನಾಲ್ಕು ಯೂನಿಟ್. ಜನರಿಂದ ವಸೂಲಾಗುತ್ತಿದ್ದದ್ದು ನಾನೂರ ಅರವತ್ತಕ್ಕೂ ಮೇಲೆ. ಆ ಇನ್ನೂರ ನಾಲ್ಕರಲ್ಲಿ ಗೇಟಿನ ಮೇಲಿನ ದೊಡ್ಡ ದೀಪಗಳೂ, ಮ್ಯಾನೇಜರನ ಕೋಣೆಯ ಹೀಟರೂ ಸೇರಿದ್ದವು. ಅವನ ಕಾಲು ಬೆಚ್ಚಗಿಡುತ್ತಿದ್ದದ್ದೂ ಇವರ ಕೂಲಿಯೇ.

ವಿದ್ಯುತ್ ಇಲಾಖೆಗೆ ದೂರು ಕೊಟ್ಟರು. ವಿಚಾರಣೆಗೆ ನಾಲ್ಕು ತಿಂಗಳು, ಏಳು ಓಡಾಟ. "ಪ್ರತೀ ಸಲ ಹೊಸ ಸಾಹೇಬ್ರು, ಪ್ರತೀ ಸಲ ಮೊದಲಿಂದ ಹೇಳ್ಬೇಕು. ಒಬ್ರಂತೂ ಯೂನಿಟ್ ಅಂದ್ರೆ ಏನು ಅಂತ ನನ್ನೇ ಕೇಳಿದ್ರು" ಎನ್ನುತ್ತಾರೆ ಅಕ್ಕ. ಕೊನೆಗೆ ಆದೇಶ ಬಂತು: ಗಾಡಿಗೊಂದು ಮೀಟರ್ ಹಾಕಬೇಕು, ಹೆಚ್ಚು ಕಿತ್ತದ್ದನ್ನು ಹಿಂದಿರುಗಿಸಬೇಕು. ಮೀಟರುಗಳು ಬಂದಿವೆ; ಅವು ಸರಿಯಾಗಿ ಓಡುತ್ತಿವೆಯೇ ಎಂದು ಅಕ್ಕ ಇಂದಿಗೂ ತಮ್ಮ ಪುಟ್ಟ ಮೀಟರ್ ಸಿಕ್ಕಿಸಿ ತಾಳೆ ನೋಡುತ್ತಾರೆ. ಹಣ ಬಂದಿಲ್ಲ, ಮೈದಾನದ ಮಾಲೀಕರು ಮೇಲ್ಮನವಿ ಹಾಕಿದ್ದಾರೆ. ಮ್ಯಾನೇಜರ್ ಅದೇ ಕುರ್ಚಿಯಲ್ಲಿದ್ದಾನೆ. ಒಂಬತ್ತು ಪುಟದ ಆದೇಶದಲ್ಲಿ ಅಧಿಕಾರಿಗಳ "ಸಕಾಲಿಕ ಕ್ರಮ"ಕ್ಕೆ ಮೂರು ಕಡೆ ಮೆಚ್ಚುಗೆಯಿದೆ. ಹನ್ನೆರಡು ದಿನ ಜಲ್ಲಿಯ ಮೇಲೆ ಮಂಡಿಯೂರಿದವರ ಬಗ್ಗೆ ಇರುವುದು ಎರಡೇ ಪದ: "ನಿವಾಸಿ ಒಬ್ಬರು".

ಈಗ ಸುತ್ತಲಿನ ಮೈದಾನಗಳಿಂದಲೂ ಕರೆ ಬರುತ್ತದೆ. ಕ್ಯಾಂಪರ್ ಕೊಳ್ಳುವ ಮೊದಲು ತಿಂಗಳ ಕರೆಂಟ್ ಎಷ್ಟಾದೀತೆಂದು ಕೇಳುವವರಿದ್ದಾರೆ. ಅಕ್ಕ ಬಸ್ಸಿನಲ್ಲಿ ಹೋಗಿ, ಅಳೆದು, ಚೀಟಿ ಬರೆದು ಕೊಟ್ಟು ಬರುತ್ತಾರೆ. ಬಸ್ ಚಾರ್ಜು ಬಿಟ್ಟರೆ ಏನೂ ತೆಗೆದುಕೊಳ್ಳುವುದಿಲ್ಲ.

ಹತ್ತೊಂಬತ್ತನೇ ಗಾಡಿಯ ಗೋಡೆಗೆ ಅವರೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಕಾಗದವಿದೆ: "ಐದೇ ಯೂನಿಟ್. ಆರಿಸಬೇಡಿ." ಆದರೂ ಮಗಳು ಅತ್ತ ಹೋದೊಡನೆ ಮುದುಕಿಯ ಕೈ ಸ್ವಿಚ್ಚಿನ ಕಡೆಗೆ ಹೋಗುತ್ತದಂತೆ. ಹೆದರಿಕೆ ಒಮ್ಮೆ ಹೊಕ್ಕರೆ ಹೋಗುವುದಿಲ್ಲ.

ಕ್ಯಾಂಪರ್ ನಿವಾಸಿಗಳ ಸಂಘದವರು ಸನ್ಮಾನ ಮಾಡುತ್ತೇವೆ ಎಂದಾಗ ಅಕ್ಕ ಬೇಡವೆಂದರು. ಹಾಗಾದರೆ ನಿಮಗೆ ಏನು ಬೇಕು ಎಂದು ಕೇಳಿದರೆ ನೋಟುಬುಕ್ಕು ಮುಚ್ಚುತ್ತಾರೆ.

"ಆ ಮ್ಯಾನೇಜರ್ ಒಂದು ದಿನ ಬಂದು ಆ ಅಮ್ಮನ ಎದುರು ನಿಂತ್ಕೊಳ್ಳಲಿ. ತಾನು ಬರೆದ ಹನ್ನೆರಡು ಸುಳ್ಳು ಅಂತ ಅವನ ಬಾಯಲ್ಲೇ ಹೇಳ್ಲಿ. ನಾನು ಹೇಳಿದ್ರೆ ಆ ತಾಯಿ ನಂಬಲ್ಲ, ತಮ್ಮ ಸಮಾಧಾನಕ್ಕೆ ಹೇಳ್ತೀನಿ ಅಂದ್ಕೊಂಡಿದ್ದಾರೆ. ಅವನು ಹೇಳ್ಬೇಕು. ಒಂದು ನಿಮಿಷದ ಕೆಲಸ. ಅದಕ್ಕೆ ಕರೆಂಟೂ ಖರ್ಚಾಗಲ್ಲ."