ಸುಜಾತ ಮನೆಮನೆಗೆ ಒಯ್ದ ಸುದ್ದಿ

ಆ ಭಾನುವಾರ ನಾವು ಹಲವಾಗಲಿಗೆ ಹೋಗಿದ್ದೆವು. ಕೊಟ್ಟೂರಿನಲ್ಲಿ ಉಪ್ಪಿಟ್ಟು ತಿಂದು ಬೈಕ್ ಹತ್ತಿದವರು ಹರಪನಹಳ್ಳಿಯಲ್ಲಿ ಚಹಾಕ್ಕೆ ನಿಂತೆವು. ಹೋಟೆಲಿನ ಮುಂದೆ ನಿಂತುಕೊಂಡೇ ನನ್ನ ಹೆಂಡತಿ ಸುಜಾತ ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದಳು: "ನೀರು ಕಾಯಿಸಾಕ ಸೋಲಾರ್ ಐತೋ ಗೀಜರ್ ಐತೋ ಹೇಳ್ರಿ ಸರ್. ಸೋಲಾರ್ ಆದ್ರ ಮೋಡ ಇದ್ದ ದಿನ ಏನ್ ಮಾಡತೀರಿ?" ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವರು ಆಕೆ ಲಾಡ್ಜ್ ಗೊತ್ತು ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು. ಆಕೆ ಮಾತಾಡುತ್ತಿದ್ದದ್ದು ದೂರದ ಬೆಟ್ಟದ ಮೇಲಿರುವ ಒಂದು ಖಗೋಳ ವೀಕ್ಷಣಾಲಯದ ವಸತಿ ನೋಡಿಕೊಳ್ಳುವವರ ಜೊತೆ.

ಅದಾಗಿ ಎರಡೇ ದಿನಕ್ಕೆ, ಮಂಗಳವಾರ ಬೆಳಿಗ್ಗೆ, ಕಾಲೇಜಿಗೆ ಹೊರಟು ನಿಂತವಳು ಬಾಗಿಲ ಬಳಿ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಆಗಿದೆ ಅಂದರು. ದಾವಣಗೆರೆ ಮುಟ್ಟುವುದರೊಳಗೆ ಹೋಗಿಬಿಟ್ಟಳು.

ಸುಜಾತ ಕೂಡ್ಲಿಗಿಯವಳು. ಅವರಪ್ಪ ಶಾಲೆಯೊಂದರಲ್ಲಿ ಜವಾನರಾಗಿದ್ದರು. ಅವರ ಓಣಿಯಲ್ಲಿ ಎಂ.ಎಸ್ಸಿ. ಮಾಡಿದ ಮೊದಲ ಹೆಣ್ಣುಮಗಳು ಆಕೆ. ನಾನು ಓದಿದ್ದು ಐ.ಟಿ.ಐ., ಕೊಟ್ಟೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನೋಡಲು ಬಂದ ದಿನ ಆಕೆಯ ಓದಿಗೆ ನಾನು ಸಾಲುತ್ತೇನೋ ಇಲ್ಲವೋ ಅಂತ ನಮ್ಮವ್ವನಿಗೆ ಅಳುಕಿತ್ತು. ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: "ಬೈಕ್ ಐತೇನ್ರಿ?" ಆಗ ಎಲ್ಲರೂ ನಕ್ಕರು. ಆ ಬೈಕು ಯಾತಕ್ಕೆಲ್ಲ ಬೇಕಾಗುತ್ತದೆ ಅನ್ನುವುದು ನನಗೆ ಮದುವೆಯಾದ ಮೇಲೆ ತಿಳಿಯಿತು.

ವಿಶ್ವವಿದ್ಯಾಲಯದವರು ಬಿ.ಎಸ್ಸಿ.ಗೆ ಖಗೋಳವಿಜ್ಞಾನ ಸೇರಿಸಿದಾಗ ಅದನ್ನು ಕಲಿಸಲು ಕೊಟ್ಟೂರಿನ ಕಾಲೇಜಿನವರು ಆಕೆಯನ್ನು ಅತಿಥಿ ಉಪನ್ಯಾಸಕಿಯಾಗಿ ತೆಗೆದುಕೊಂಡರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ಮಕ್ಕಳೂ ಬಸ್ಸಿಗೆ ಬರುತ್ತಿದ್ದರು. ಹೆಚ್ಚಿನವರು ಹುಡುಗಿಯರು. ಪಾಠದ ಜೊತೆಗೆ ಇನ್ನೊಂದು ಕೆಲಸ ಆಕೆಯ ಪಾಲಿಗೆ ಬಂತು. ಈ ವಿಷಯ ಓದುವ ಪದವಿ ಮಕ್ಕಳಿಗೆ ಬೇಸಿಗೆ ತರಬೇತಿ, ವೀಕ್ಷಣಾ ಶಿಬಿರ, ದೊಡ್ಡ ಸಂಸ್ಥೆಗಳಲ್ಲಿ ವಿಜ್ಞಾನಿಗಳ ಕೈಕೆಳಗೆ ಸಣ್ಣ ಪ್ರಾಜೆಕ್ಟು, ಹೀಗೆ ಏನೇನೋ ಇರುತ್ತವಂತೆ. ಅವುಗಳ ಸುದ್ದಿ ವಿಭಾಗಕ್ಕೆ ಬರುತ್ತಿತ್ತು. ಅದನ್ನು ಮಕ್ಕಳಿಗೆ ಮುಟ್ಟಿಸುವುದು ಆಕೆಯ ಕೆಲಸ.

ಮೊದಲ ವರ್ಷ ಎಲ್ಲರ ಹಾಗೆ ಆಕೆಯೂ ಇಂಗ್ಲಿಷಿನ ಪ್ರಕಟಣೆಗಳನ್ನು ಬೋರ್ಡಿಗೆ ಹಚ್ಚಿ ಸುಮ್ಮನಿದ್ದಳು. ಹಂಪಸಾಗರದ ಒಬ್ಬ ಹುಡುಗಿ ಅರ್ಜಿ ಹಾಕಿ ಆಯ್ಕೆಯೂ ಆದಳು. ಆದರೆ ಹೋಗಲಿಲ್ಲ. ಜ್ವರ ಬಂತು ಅಂದಳು. ಸುಜಾತಳಿಗೆ ನಂಬಿಕೆ ಬರಲಿಲ್ಲ. ಒಂದು ಭಾನುವಾರ ನನ್ನನ್ನು ಹೊರಡಿಸಿಕೊಂಡು ಅವರ ಮನೆಗೇ ಹೋದಳು. ನಾನು ಹೊರಗೆ ಕಟ್ಟೆ ಮೇಲೆ ಕೂತೆ, ಆಕೆ ಒಳಗೆ ಹೋದಳು. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ಬೈಕ್ ಹತ್ತಿದವಳು ದಾರಿಯಲ್ಲಿ ಹೇಳಿದಳು.

"ಜ್ವರ ಇಲ್ಲ ಏನಿಲ್ಲ. ಬಚ್ಚಲ ಎಲ್ಲೈತಿ ಅಂತ ಯಾರೂ ಹೇಳಲಿಲ್ಲವ್ವ, ಹೆಂಗ ಕಳಸೋದು ಅಂದ್ರು ಅವರವ್ವ. ಟೆಲಿಸ್ಕೋಪಿನ ಅಳತಿ ಬರದಾರ, ಅದರ ಗಾಜು ಎಷ್ಟು ಅಗಲ ಅಂತ ಬರದಾರ. ಬಚ್ಚಲ ಎಲ್ಲೈತಿ ಅಂತ ಬರದಿಲ್ಲ ನೋಡ್ರಿ."

ಅಂದಿನಿಂದ ಆಕೆ ಸುದ್ದಿ ಹೇಳುವ ರೀತಿಯೇ ಬೇರೆಯಾಯಿತು. ಪ್ರಕಟಣೆ ಬಂದರೆ ಮೊದಲು ಅಲ್ಲಿಗೆ ಫೋನ್. ಮಲಗುವ ಕೋಣೆಯಲ್ಲಿ ಎಷ್ಟು ಜನ, ಊಟಕ್ಕೆ ರೊಟ್ಟಿ ಸಿಗುತ್ತದೋ ಬರೀ ಅನ್ನವೋ, ಹೆಣ್ಣುಮಕ್ಕಳ ವಸತಿ ನೋಡಿಕೊಳ್ಳುವವರು ಗಂಡಸೋ ಹೆಂಗಸೋ, ಮನೆಗೆ ಫೋನ್ ಮಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಕೇಳಿ ತಿಳಿದುಕೊಂಡು ಕನ್ನಡದಲ್ಲಿ ಬರೆದು ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಆಮೇಲೆ ಯಾವ ಮನೆಯಲ್ಲಿ ತೊಡಕಿದೆಯೋ ಆ ಮನೆಗೆ ಭಾನುವಾರ ನಾವಿಬ್ಬರೂ ಹೋಗಬೇಕು. ಹೋಗುವಾಗ ಕಾಗದ ಒಯ್ಯುತ್ತಿರಲಿಲ್ಲ. "ಕಾಗದ ತೋರಿಸಿದ್ರ ಸಹಿ ಹಾಕಸಾಕ ಬಂದಾರ ಅಂತ ಅಂಜತಾರ್ರಿ," ಅನ್ನುತ್ತಿದ್ದಳು.

ಇನ್ನೊಂದು ಮಾತು ಆಕೆಯ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. "ಹೇಳಿದ್ರ ಪೂರ್ತಿ ಹೇಳಬೇಕ್ರಿ. ಅರ್ಧ ಹೇಳಿದ್ರ ಉಳಿದರ್ಧಕ್ಕ ಮಂದಿ ಹೆದರಿಕಿ ತುಂಬಕೊಂತಾರ."

ಫೋನ್ ಎತ್ತಿದವರಿಗೆ ಆಕೆಯಿಂದ ಕಿರಿಕಿರಿಯಾಗುತ್ತಿತ್ತೇನೋ. ಒಮ್ಮೆ ಅಂಗಡಿಗೆ ಊಟದ ಡಬ್ಬಿ ತಂದವಳು ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಆ ಬೆಟ್ಟದವರಿಗೇ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸುತ್ತಿತ್ತು.

"ಸರ್, ರಾತ್ರಿ ನೋಡೋದು ಮುಗದ ಮ್ಯಾಲೆ ಹುಡುಗ್ಯಾರು ರೂಮಿಗೆ ಹೆಂಗ ಹೋಗತಾರ? ದಾರಿಯಾಗ ಲೈಟ್ ಅದಾವೇನು?"

"ಮೇಡಂ, ಲೈಟ್ ಇದ್ರೆ ನಕ್ಷತ್ರ ಹೇಗೆ ಕಾಣುತ್ತೆ? ನೀವೇ ಪಾಠ ಮಾಡೋರು ಹೀಗೆ ಕೇಳಿದ್ರೆ ಹೇಗೆ?"

"ಅದು ನನಗ ಗೊತ್ತೈತಿ ಸರ್. ಅವರವ್ವಗ ಗೊತ್ತಿಲ್ಲ. ಕತ್ತಲಾಗ ಯಾರು ಜೊತಿಗೆ ಬರತಾರ, ಅದನ್ನ ಹೇಳ್ರಿ."

ಆ ವಾರದ ಸುದ್ದಿಯಲ್ಲಿ ಹೀಗೆ ಬರೆದಿದ್ದಳು: "ದಾರಿಯಲ್ಲಿ ದೀಪ ಇರುವುದಿಲ್ಲ. ಬೇಕೆಂದೇ ಹಾಕಿಲ್ಲ. ಎಲ್ಲರಿಗೂ ಕೆಂಪು ಬೆಳಕಿನ ಬ್ಯಾಟರಿ ಕೊಡುತ್ತಾರೆ. ಕೋಣೆಯವರೆಗೆ ಒಬ್ಬ ಹೆಣ್ಣುಮಗಳು ಜೊತೆಗೆ ಬರುತ್ತಾರೆ." ನಾನು ನಕ್ಕು, "ನೀನು ಖಗೋಳ ಕಲಸ್ತೀಯೋ, ಬಚ್ಚಲ ಕಲಸ್ತೀಯೋ?" ಅಂದೆ. "ನಿಮ್ಮ ಮೋಟರಿಗೆ ಬರೇ ಕರೆಂಟ್ ಕೊಟ್ರ ಆತೇನ್ರಿ? ಅರ್ಥಿಂಗ್ ಬ್ಯಾಡೇನು?" ಅಂದು ಡಬ್ಬಿ ತೊಳೆಯಲು ಎದ್ದಳು.

ಗಂಡಸರ ಜೊತೆಗೂ ಆಕೆ ಸಲೀಸಾಗಿ ಮಾತಾಡುತ್ತಿದ್ದಳು. ಚಿಗಟೇರಿಯಲ್ಲಿ ಒಬ್ಬ ಹುಡುಗಿಯ ಅಜ್ಜ, "ನಕ್ಷತ್ರ ನೋಡಾಕ ಅಷ್ಟು ದೂರ ಯಾಕವ್ವ? ನಮ್ಮ ಮಾಳಿಗಿ ಮ್ಯಾಲೆ ಕಾಣಂಗಿಲ್ಲೇನು?" ಅಂತ ಕೇಳಿದ್ದ. "ಕಾಣತಾವ ಯಜ್ಜಾ. ಹೊಲದಾಗಿನ ಮಣ್ಣೂ ನಿನಗ ದಿನಾ ಕಾಣತೈತಿ. ಮತ್ಯಾಕ ಪರೀಕ್ಷೆ ಮಾಡಸಾಕ ಒಯ್ದು ಕೊಟ್ಟಿ?" ಅಂದಳು ಈಕೆ. ಅಜ್ಜ ಎಲೆಯಡಿಕೆ ಚೀಲ ತೆಗೆದು ಆಕೆಯ ಮುಂದೆ ಇಟ್ಟ. ಆ ಹುಡುಗಿ ಶಿಬಿರಕ್ಕೆ ಹೋಗಿ ಬಂದಳು, ಈಗ ಎಂ.ಎಸ್ಸಿ. ಓದುತ್ತಿದ್ದಾಳೆ.

ಎಲ್ಲ ಮನೆಗಳೂ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಪೂಜೆಗೆ ಇರುವುದು ಬುದ್ಧನ ಪಟ. ನಾವು ಯಾರು ಅನ್ನುವುದು ಈ ಭಾಗದಲ್ಲಿ ಊರಿನ ಹೆಸರು, ಓಣಿಯ ಹೆಸರು ಹೇಳಿದರೆ ಗೊತ್ತಾಗುತ್ತದೆ. ಕೆಲವು ಮನೆಗಳಲ್ಲಿ ಆಕೆಯನ್ನು ಅಡುಗೆಮನೆಯೊಳಗೆ ಕರೆದು ರೊಟ್ಟಿ ಹಾಕಿಕೊಡುತ್ತಿದ್ದರು. ಕೆಲವು ಮನೆಗಳಲ್ಲಿ ಪಡಸಾಲೆಯಲ್ಲೇ ಚಾಪೆ ಹಾಸುತ್ತಿದ್ದರು, ಚಹಾ ಬೇರೆ ಲೋಟದಲ್ಲಿ ಬರುತ್ತಿತ್ತು. ಅಂಥ ಕಡೆ ಆಕೆ ಪಡಸಾಲೆಯಲ್ಲೇ ಕೂತು ಎಲ್ಲವನ್ನೂ ಹೇಳಿ ಬರುತ್ತಿದ್ದಳು. ಒಂದು ಸಲ ನಾನು ಸಿಟ್ಟಿನಿಂದ, ಇಂಥವರ ಮನೆಗೆ ಮತ್ತೆ ಬರುವುದಿಲ್ಲ ಅಂದೆ. "ಹುಡುಗಿ ಏನ್ ಮಾಡ್ಯಾಳ್ರಿ?" ಅಂದಳು. ಮುಂದಿನ ವಾರ ಮತ್ತೆ ಹೋದೆವು.

ಹಲವಾಗಲಿನ ಮನೆ ವೀರಭದ್ರಪ್ಪ ಅನ್ನುವವರದು. ಗೊಬ್ಬರದ ಅಂಗಡಿ ಇದೆ. ಅವರ ಮಗಳು ಸಹನಾ ಬೆಟ್ಟದ ವೀಕ್ಷಣಾಲಯದ ಬೇಸಿಗೆ ತರಬೇತಿಗೆ ಆಯ್ಕೆಯಾಗಿದ್ದಳು. ನಮ್ಮ ಕಡೆಯಿಂದ ಆಯ್ಕೆಯಾದವಳು ಆಕೆಯೊಬ್ಬಳೇ. ಬರುತ್ತೇನೆ ಅಂತ ಒಪ್ಪಿಗೆ ಕಳಿಸಲು ಸ್ವಲ್ಪವೇ ದಿನ ಉಳಿದಿದ್ದವು. ವೀರಭದ್ರಪ್ಪನವರು ಅಡ್ಡಿ ಮಾಡಿರಲಿಲ್ಲ, ಹೆಂಡತಿ ಗೌರಮ್ಮ ಒಪ್ಪಬೇಕು ಅಂದಿದ್ದರು. ಆ ಕೊನೆಯ ಭಾನುವಾರ ಸುಜಾತ ಗೌರಮ್ಮನ ಜೊತೆ ಪಡಸಾಲೆಯಲ್ಲಿ ಕೂತು ಮಾತಾಡಿದಳು. ಎಲ್ಲಕ್ಕೂ ಹೂಂ ಅಂದ ಗೌರಮ್ಮ ಒಂದು ಮಾತು ಕೇಳಿದರಂತೆ: ಹುಡುಗಿಯರ ಬಚ್ಚಲಿಗೆ ಒಳಗಿನಿಂದ ಚಿಲಕ ಇದೆಯೋ ಇಲ್ಲವೋ. ಸುಜಾತಳಿಗೆ ಗೊತ್ತಿರಲಿಲ್ಲ. ಐತಿ ಅಂದುಬಿಟ್ಟಿದ್ದರೆ ಅಂದೇ ಮುಗಿಯುತ್ತಿತ್ತು. "ಕೇಳಿಕೊಂಡು ಮುಂದಿನ ಭಾನುವಾರ ಬರತೀನ್ರಿ," ಅಂದು ಎದ್ದು ಬಂದಳು.

ಸುಜಾತಳ ಮಣ್ಣಿಗೆ ಸಹನಾ ಅವರಪ್ಪನ ಜೊತೆ ಬಂದಿದ್ದಳು. ನನ್ನ ಮುಂದೆ ಸ್ವಲ್ಪ ಹೊತ್ತು ನಿಂತು ಹೋದಳು. ತರಬೇತಿಯ ವಿಷಯ ತೆಗೆಯಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ತೆಗೆಯುತ್ತಾರೆ?

ನನಗೆ ಅದು ನೆನಪಾದದ್ದು ಶನಿವಾರ. ನೆಂಟರು ಒಬ್ಬೊಬ್ಬರಾಗಿ ಹೊರಟಿದ್ದರು. ನಾಳೆ ಭಾನುವಾರ ಅಂತ ನಮ್ಮವ್ವ ಏನೋ ಹೇಳುತ್ತಿದ್ದಾಗ ಹಲವಾಗಲು ನೆನಪಾಯಿತು. ಸುಜಾತಳ ಫೋನ್ ತೆಗೆದು ಬೆಟ್ಟದವರ ನಂಬರಿಗೆ ಹಚ್ಚಿದೆ.

ಆ ಕಡೆಯವರು ನನಗೆ ಮಾತಾಡಲು ಬಿಡಲಿಲ್ಲ. "ಹೇಳಿ ಮೇಡಂ. ಸೋಮವಾರ ಕೇಳಿದ್ರಲ್ಲ, ನಿಮ್ಮ ಚಿಲಕದ ಕೆಲಸ ಆಯ್ತು. ಒಂದರದ್ದು ಸಡಿಲ ಇತ್ತು, ಇನ್ನೊಂದಕ್ಕೆ ಇರಲೇ ಇಲ್ಲ. ಎರಡಕ್ಕೂ ಹೊಸದು ಹಾಕಿಸಿದ್ದೀನಿ. ಇನ್ನೇನಿದೆ ಕೇಳಿ."

"ನಾನ್ರಿ, ಅವರ ಮನಿಯವರು," ಅಂದೆ.

"ಓ, ಸಾರಿ ಸರ್. ಮೇಡಂಗೆ ಕೊಡಿ."

"ಮೇಡಂ ತೀರಿಕೊಂಡ್ರು ರೀ. ಮಂಗಳವಾರ."

"ನಾನು ಅವರನ್ನ ನೋಡೇ ಇಲ್ಲ ಸರ್," ಅಂದರು ಅವರು. ಫೋನ್ ಇಟ್ಟ ಮೇಲೆ ಎರಡು ಚಿಲಕಗಳ ಫೋಟೋ ಕಳಿಸಿದರು.

ಮರುದಿನ ಒಬ್ಬನೇ ಹಲವಾಗಲಿಗೆ ಹೋದೆ. ಹಿಂದಿನ ಸೀಟು ಖಾಲಿ ಇದ್ದದ್ದಕ್ಕೆ ಬೈಕು ಹಗುರಾಗಿ ಹಾರುತ್ತಿತ್ತು. ನನ್ನನ್ನು ನೋಡಿ ವೀರಭದ್ರಪ್ಪನವರು ಎದ್ದು ನಿಂತರು. "ಇಂಥಾದ್ರಾಗ ನೀವ್ಯಾಕ ಬರಾಕ ಹೋದ್ರಿ," ಅಂದರು. ಸುಜಾತ ಕೇಳಿಕೊಂಡು ಬರತೀನಿ ಅಂದಿದ್ದಳಲ್ಲ, ಅದನ್ನು ಹೇಳಲು ಬಂದೆ ಅಂದೆ. "ಒಳಗ ನಡೀರಿ," ಅಂದರು. ಅಷ್ಟು ವರ್ಷಗಳಲ್ಲಿ ನಾನು ಯಾವ ಮನೆಯಲ್ಲೂ ಕಟ್ಟೆ ದಾಟಿ ಒಳಗೆ ಹೋಗಿರಲಿಲ್ಲ.

ಗೌರಮ್ಮ ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಸಹನಾ ಅವರ ಹಿಂದೆ ನಿಂತಿದ್ದಳು. ನಾನು ಚಿಲಕದ ವಿಷಯ ಹೇಳಿ ಫೋಟೋ ತೋರಿಸಿದೆ. ಗೌರಮ್ಮ ಫೋಟೋ ನೋಡಿದರು. ಆಮೇಲೆ, "ಇನ್ನೊಂದು ಕೇಳೋದಿತ್ರಿ," ಅಂದರು. ನಾನು ಕಾದೆ. ಅವರು ಗಂಡನ ಮುಖ ನೋಡಿದರು, ನನ್ನನ್ನು ನೋಡಿದರು, ನೆಲ ನೋಡಿದರು.

"ಬಿಡ್ರಿ ಅಣ್ಣಾರ. ಮೇಡಂ ಇದ್ದಿದ್ರ ಕೇಳತಿದ್ದೆ."

"ಹಂಗಾದ್ರ ಹುಡುಗಿನ್ನ ಕಳಸೋದು?" ಅಂದರು ವೀರಭದ್ರಪ್ಪ.

"ಈ ವರ್ಷ ಬ್ಯಾಡ ಬಿಡ್ರಿ," ಅಂದರು ಗೌರಮ್ಮ.

ಸಹನಾ ಒಳಗೆ ಹೋದಳು. ಪಾತ್ರೆ ಇಟ್ಟ ಸದ್ದಾಯಿತು.

ಅಲ್ಲಿಯೇ ನಿಂತು ಬೆಟ್ಟದವರಿಗೆ ಮತ್ತೆ ಫೋನ್ ಹಚ್ಚಿ, ಹುಡುಗಿಯರ ಕಡೆ ನೋಡಿಕೊಳ್ಳುವ ಹೆಣ್ಣುಮಗಳಿಗೆ ಫೋನ್ ಕೊಡಿ ಅಂದೆ. ಆಕೆಗೆ ಕನ್ನಡ ಬರುತ್ತಿತ್ತು. ಹುಡುಗಿಯ ತಾಯಿ ಮಾತಾಡುತ್ತಾರೆ ಅಂತ ಹೇಳಿ ಫೋನ್ ಗೌರಮ್ಮನ ಕೈಗೆ ಕೊಟ್ಟೆ. ವೀರಭದ್ರಪ್ಪನವರನ್ನು, "ಬರ್ರಿ, ಹೊರಗ ಕುಂದ್ರೂಣು," ಅಂತ ಕರೆದುಕೊಂಡು ಕಟ್ಟೆಗೆ ಬಂದೆ. ಅವರ ಬೋರಿನ ಮೋಟರ್ ಪದೇ ಪದೇ ಸುಡುತ್ತಿತ್ತಂತೆ. ಅದರ ಬಗ್ಗೆ ಮಾತಾಡಿದೆವು. ಒಳಗಿನಿಂದ ಗೌರಮ್ಮನ ದನಿ ಮೊದಲು ಸಣ್ಣಗೆ, ಆಮೇಲೆ ಸ್ವಲ್ಪ ದೊಡ್ಡದಾಗಿ ಬರುತ್ತಿತ್ತು. ಒಂದು ಸಲ ನಕ್ಕಂತೆಯೂ ಕೇಳಿಸಿತು. ಕೊನೆಗೆ ಸಹನಾ ಫೋನ್ ತಂದು ಕೊಟ್ಟಳು.

"ಅವ್ವ ಹೂಂ ಅಂದ್ಳು ಅಂಕಲ್," ಅಂದಳು. ಮುಖ ತೊಳೆದುಕೊಂಡು ಬಂದಿದ್ದಳು.

ಗೌರಮ್ಮ ಏನು ಕೇಳಿದರು ಅಂತ ನಾನು ಕೇಳಲಿಲ್ಲ. ಸಹನಾ ತರಬೇತಿಗೆ ಹೋದಳು. ಅಲ್ಲಿಂದ ಒಮ್ಮೆ ಫೋನ್ ಮಾಡಿ, ಊಟಕ್ಕೆ ವಾರಕ್ಕೊಂದು ಸಲ ರೊಟ್ಟಿ ಇದೆ, ಗಟ್ಟಿ ಇರುತ್ತದೆ ಅಂದಳು.

ಇದಾಗಿ ವರ್ಷ ಆಗುತ್ತ ಬಂತು. ಸುಜಾತಳ ಜಾಗಕ್ಕೆ ಒಬ್ಬ ಹುಡುಗ ಬಂದಿದ್ದಾನೆ. ಒಳ್ಳೆಯವನು, ಚೆನ್ನಾಗಿ ಪಾಠ ಮಾಡುತ್ತಾನಂತೆ. ಬಂದ ಪ್ರಕಟಣೆಗಳನ್ನು ಅಂದೇ ಗುಂಪಿಗೆ ಹಾಕುತ್ತಾನೆ. ಆಕೆಯ ಫೋನ್ ಇನ್ನೂ ನನ್ನ ಹತ್ತಿರ ಇರುವುದರಿಂದ ನನಗೂ ಕಾಣುತ್ತವೆ. ಒಂದೆರಡು ಭಾನುವಾರ ಅವನನ್ನು ನನ್ನ ಬೈಕಿನ ಮೇಲೆ ಹಡಗಲಿ ಕಡೆಯ ಮನೆಗಳಿಗೆ ಕರೆದುಕೊಂಡು ಹೋದೆ. ನಾವು ಇಬ್ಬರೂ ಕಟ್ಟೆಯ ಮೇಲೆ ಕೂತೆವು. ತಂದೆಯಂದಿರು ಚಹಾ ಕೊಟ್ಟು, ಮನೆಯಲ್ಲಿ ಕೇಳಿ ಹೇಳುತ್ತೇವೆ ಅಂದರು. ತಾಯಂದಿರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಏನೂ ಕೇಳಲಿಲ್ಲ. ಫೋನ್ ಹಚ್ಚಿ ಕೊಡಲೇನ್ರಿ ಅಂದರೆ, ಗೊತ್ತಿಲ್ಲದವರ ಜೊತೆ ಏನು ಮಾತಾಡುವುದು ಬಿಡ್ರಿ ಅಂದರು.

ಈ ಬೇಸಿಗೆಯ ತರಬೇತಿಗೆ ನಮ್ಮ ಕಡೆಯಿಂದ ಗಂಡುಮಕ್ಕಳು ಅರ್ಜಿ ಹಾಕಿದ್ದಾರೆ. ಹುಡುಗಿಯರು ಯಾರೂ ಹಾಕಿಲ್ಲ. ಮನೆಯೊಳಗೆ ಹೋಗಿ ತಾಯಂದಿರ ಹತ್ತಿರ ಕೂರುವವರು ಇನ್ನೂ ಯಾರೂ ಸಿಕ್ಕಿಲ್ಲ.