ಶನಿವಾರ ಕೊಡದ ಎಣ್ಣೆ

ಕಳಕೇಶನ ಸುದ್ದಿ ನಾನು ಮೊದಲು ಕೇಳಿದ್ದು ಬಾಬುಸಾಬನ ಬಾಯಿಂದ. ರೋಣದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದು ಮೋಟರ್‌ಸೈಕಲ್ ಸಾಮಾನಿನ ಅಂಗಡಿ, ಪಕ್ಕದಲ್ಲೇ ಬಾಬುಸಾಬನ ಗ್ಯಾರೇಜು. ನನ್ನ ಗಂಡ ಅಂದಾನೆಪ್ಪ ತೀರಿಹೋದ ಮೇಲೆ ಅಂಗಡಿಯಲ್ಲಿ ನಾನೇ ಕೂರುತ್ತೇನೆ. ಅವತ್ತು ಬಿಸಿಲಿಗೆ ಸಾಕಾಗಿ ತೂಕಡಿಸುತ್ತಿದ್ದೆ.

"ಕಾಕು, ಗಜೇಂದ್ರಗಡದಾಗ ಒಬ್ಬ ನೇಕಾರ ಅದಾನ. ಗಾಡಿಗೆ ಸಿಂಥೆಟಿಕ್ ಆಯಿಲ್ ಬೇಕಂತ ನರಗುಂದದ ತನಕ ಹುಡುಕ್ಯಾಡಿ ಬಂದಾನಂತ. ಎಲ್ಲೂ ಸಿಕ್ಕಿಲ್ಲ."

"ಹಂಗಂದ್ರ ಏನೋ ಅದು?"

"ತುಟ್ಟಿ ಎಣ್ಣಿ. ನಿಮ್ಮ ಮ್ಯಾಲಿನ ಹಲಗಿ ಮ್ಯಾಗ ಜ್ಯಾಡರ ಬಲಿ ಹಿಡದು ಕುಂತಾವಲ್ಲ ಬಂಗಾರ ಬಣ್ಣದ ಡಬ್ಬಿ, ಅದ."

ನನ್ನ ಗಂಡ ಇದ್ದಾಗ ಯಾವನೋ ಏಜೆಂಟ ಒತ್ತಾಯ ಮಾಡಿ ಇಟ್ಟುಹೋದ ಡಬ್ಬಿಗಳು ಅವು. ಒಬ್ಬರೂ ಕೇಳಿರಲಿಲ್ಲ.

ಕಳಕೇಶ ಬಂದದ್ದು ಶನಿವಾರ. ಸಣಕಲು ಮನುಷ್ಯ, ಅಂಗಿಯ ತುಂಬ ನೂಲಿನ ಎಳೆ. ಡಬ್ಬಿ ಕಂಡು ಕಣ್ಣರಳಿಸಿದ. ನಾನು ಕೊಡಲಿಲ್ಲ. ನಮ್ಮ ಅತ್ತೆಯ ಕಾಲದಿಂದಲೂ ಶನಿವಾರ ನಮ್ಮಲ್ಲಿ ಎಣ್ಣೆ ತರುವುದಿಲ್ಲ, ಕೊಡುವುದೂ ಇಲ್ಲ. ಆಮೇಲೆ ಒಂದೇ ಒಂದು ಸಲ ಅದನ್ನು ಮುರಿದಿದ್ದೇನೆ, ಅದೂ ಇವನಿಗಾಗಿಯೇ.

"ಇದೇನ ಒಗ್ಗರಣಿ ಎಣ್ಣಿ ಏನ್ರಿ ಅವ್ವಾರ? ಎಂಜಿನ್ನಿಗೆ ಹಾಕೂದು."

"ಎಣ್ಣಿ ಅಂದ್ರ ಎಣ್ಣಿನಪಾ. ನಾಳೆ ಬಾ."

ಬಾಬುಸಾಬ ಆಚೆಯಿಂದ ಕೂಗಿದ: "ಕಬ್ಬಿಣಾನೂ ಶನಿವಾರ ಒಯ್ಯಬಾರದಂತ ಕಾಕು. ಮುಂಜಾನೆ ಬ್ರೇಕ್ ವಾಯರ್ ಹ್ಯಾಂಗ ಮಾರಿದ್ರಿ?"

"ನೀ ಸುಮ್ನ ಪಾನಾ ಹಿಡದು ನಟ್ಟು ಬಿಗಿ" ಎಂದೆ.

ಕಳಕೇಶ ಸಿಟ್ಟು ಮಾಡಲಿಲ್ಲ. ಮರುದಿನ ಮತ್ತೆ ಅಷ್ಟು ದೂರದಿಂದ ಬಂದ. ಆ ಎಣ್ಣೆಯೇ ಯಾಕೆ ಬೇಕೆಂದು ಕೇಳಿದೆ. "ಇದನ್ನ ಹಾಕಿದ್ರ ಎಂಜಿನ್ ಸಪ್ಪಳ ಮೆತ್ತಗಾಕ್ಕೈತ್ರಿ. ದಿನಾ ಮಗ್ಗದ ಸಪ್ಪಳ ಕೇಳಿ ಕೇಳಿ ಕಿವಿ ದಣದಾವು" ಎಂದ.

ಆಮೇಲೆ ಎಣ್ಣೆ ಬದಲಿಸುವ ಹೊತ್ತು ಬಂದಾಗಲೆಲ್ಲ ಬರತೊಡಗಿದ. ಚಹಾ ಕುಡಿಯುತ್ತ ದಾರಿಯ ಸುದ್ದಿ ಹೇಳುತ್ತಿದ್ದ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿದ್ದವಂತೆ. ಜಕ್ಕಲಿ ಹತ್ತಿರ ಗಾಡಿ ನಿಲ್ಲಿಸಿ ಕೇಸರಿ ಹೂ ಬಿಟ್ಟ ಕುಸುಬಿಯ ಹೊಲ ನೋಡುತ್ತ ಕುಳಿತಿದ್ದನಂತೆ. "ಆ ಬಣ್ಣದ ಸೀರಿ ದಡಿ ನೇಯಬೇಕಂತ ಭಾಳ ಸಲ ನೋಡೇನ್ರಿ. ನೂಲಿಗೆ ಹತ್ತೂದಿಲ್ಲ." ರೋಣ ಬಿಟ್ಟು ಎಲ್ಲಿಗೂ ಹೋಗದ ನನಗೆ ಅವನ ಮಾತಿನಲ್ಲೇ ಊರು ಸುತ್ತಿದಂತಾಗುತ್ತಿತ್ತು.

ಒಮ್ಮೆ ಸೀರೆಯ ಗಂಟು ಹಿಡಿದು ಅವನ ಹೆಂಡತಿ ವಿಜಯಲಕ್ಷ್ಮಿಯೂ ಹಿಂದೆ ಕುಳಿತು ಬಂದಳು. ಇಳಿದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ಮ ಶನಿವಾರದಿಂದ ನಮ್ಮ ಮಗ್ಗ ಎರಡೆರಡ ದಿನ ನಿಂದರತಾವ್ರಿ!"

"ಶನಿವಾರ ಕೊಡೂದಿಲ್ಲಂತ ಇವಂಗ ಗೊತ್ತೈತೆವಾ."

"ಗೊತ್ತಿದ್ದ ಬರ್ತಾರ್ರಿ ಇವರು! ಶನಿವಾರ ಬಂದ್ರ ಐತಾರ ಮತ್ತ ಬರಾಕ ನೆವ ಸಿಗತೈತಲ್ಲ."

ಕಳಕೇಶ ಕಪ್ಪಿನೊಳಗೆ ಮುಖ ಮುಚ್ಚಿ ನಕ್ಕ. ನಾನೂ ನಕ್ಕೆ. ಹೆಂಡತಿ ಮಾತ್ರ ನಗಲಿಲ್ಲ. ಅವನು ಗಾಡಿಯಿಂದ ಇಳಿಯುವಾಗ ಎಡಗಾಲು ಎಳೆಯುತ್ತಿದ್ದುದನ್ನು ಅವಳು ಆಗಲೇ ಕಂಡಿದ್ದಳು.

ಹುಡುಗನಿದ್ದಾಗಿನಿಂದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ಮೆಟ್ಟಿದ ಕಾಲು ಅದು. ಮೊದಲು ಮೊಣಕಾಲು ಹಿಡಿಯಿತು, ಆಮೇಲೆ ಪಾದ ಜೋಮು ಹಿಡಿದು ಗೇರು ಹಾಕಿದ್ದೇ ತಿಳಿಯದಂತಾಯಿತು. ಗದಗಿನ ದವಾಖಾನೆಯವರು ಗಾಡಿ ಬಿಡು ಎಂದರು. ವಿಜಯಲಕ್ಷ್ಮಿ ಗಾಡಿಯನ್ನೇ ಮಾರೋಣ ಎಂದಳು. ಅವನು ಸುಗ್ಗಿ ಮುಗಿಯಲಿ, ಕುಸುಬಿ ಹೂ ಹೋಗಲಿ ಎಂದು ದಿನ ದೂಡಿದ. ಒಂದು ಸಲ ಜಕ್ಕಲಿ ತಿರುವಿನಲ್ಲಿ ಗೇರು ಸಿಗದೆ ಗಾಡಿ ಸಮೇತ ಹೊಲಕ್ಕಿಳಿದನಂತೆ. ಅದನ್ನೂ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಕೊನೆಗೊಂದು ದಿನ ಅವನು ಬಸ್ಸಿನಲ್ಲಿ ಬಂದ. ಕೈಯಲ್ಲಿ ಕೋಲು. ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತ. ಅವತ್ತಿನ ಮೇಲೆ ನಾನು ಅವನನ್ನು ಮತ್ತೆ ನೋಡಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಹೋಗಿಬಿಟ್ಟನೆಂದು ಬಾಬುಸಾಬನೇ ಬಂದು ಹೇಳಿದ.

ಅವತ್ತು ಕೋಲೂರಿ ಕೆಳಗೆ ನಿಂತ ಕಳಕೇಶನನ್ನು ಕೇಳಿದ್ದೆ: "ಗಾಡಿ ಎಲ್ಲೋ?"

"ಮಾರಿದ್ವಿರಿ. ನಾಳೆ ಮುಂಜಾನೆ ಅಸೂಟಿ ಊರವರು ಒಯ್ಯಾಕ ಬರ್ತಾರ. ಮಗಳನ್ನ ಗಂಡನ ಮನಿಗಿ ಕಳಸೂವಾಗ ಎಣ್ಣಿ ಹಚ್ಚಿ ಎರದು ಕಳಸ್ತೀವಲ್ರಿ, ಹಂಗ ಹೊಸಾ ಆಯಿಲ್ ಹಾಕಿ ಕಳಸಬೇಕಂತ ಮಾಡೇನಿ."

ಬಾಯಿಪಾಠವಾದ ಮಾತು ತಾನಾಗಿ ಹೊರಬಿತ್ತು: "ಇವತ್ತ ಶನಿವಾರಪಾ. ನಾಳೆ ಬಾ."

ಅವನು ಮೆಟ್ಟಿಲಿನ ಅಂಚು ಹಿಡಿದು ದಮ್ಮು ತೆಗೆದುಕೊಂಡ.

"ನಾಳೆ ಬಂದ್ರ ಎಣ್ಣಿ ಹಾಕಾಕ ನನ್ನ ಹತ್ರ ಗಾಡಿ ಇರೂದಿಲ್ರಿ ಅವ್ವಾರ. ಇದೊಂದ ಸಲ ಇವತ್ತ ಕೊಟ್ಟಬಿಡ್ರಿ."