ಐತಾಳರ ಫೋಲ್ಡರಿನ ವರ್ಗ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಶಾಖೆಗಳಿರುವ ಒಂದು ಕಚೇರಿ. ನೌಕರರೆಲ್ಲರ ಸ್ವಂತ ಫೋಲ್ಡರುಗಳು ಕುಂದಾಪುರದ ಒಂದೇ ಸರ್ವರಿನಲ್ಲಿ ತುಂಬಿ, ಅದು ಏದುಸಿರು ಬಿಡುತ್ತಿತ್ತು. ಶಾಖೆಗೊಂದು ಸರ್ವರ್ ಇಟ್ಟು, ಯಾರು ಎಲ್ಲಿ ಕೂರುತ್ತಾರೋ ಅವರ ಫೋಲ್ಡರನ್ನು ಅಲ್ಲಿಗೇ ಸಾಗಿಸುವ ಕೆಲಸ ನನ್ನ ತಲೆಗೆ ಬಿತ್ತು.

ಬೈಂದೂರಿನಲ್ಲಿ ಐತಾಳರು ಅಡ್ಡ ನಿಂತರು. ಕುಂದಾಪುರದಿಂದ ವರ್ಗವಾಗಿ ಬಂದ ಹಿರಿಯ ಗುಮಾಸ್ತರು.

“ಹ್ವಾಯ್, ನನ್ ಫೋಲ್ಡರ್ ಮುಟ್ಟುಕಾಗ!”

“ಇಲ್ಲಿಗೆ ತಂದ್ರೆ ಫೈಲು ಬೇಗ ತೆರೀತದೆ, ಐತಾಳ್ರೇ.”

“ಬೇಗ ಯಾರಿಗ್ ಬೇಕ್ ಮಾರಾಯ್ರೆ? ಅದೂ ಇಲ್ಲಿಗ್ ಬಂದ್ರೆ ನಾ ಈ ವರ್ಗ ಒಪ್ಕಂಡ ಹಾಂಗಾತ್ತ್. ನಾ ವಾಪಾಸ್ ಹೋಪವ.”

ಮನುಷ್ಯ ದಿನಾ ಕುಂದಾಪುರದಿಂದಲೇ ಬಸ್ಸಿನಲ್ಲಿ ಮರವಂತೆ ದಾಟಿ ಬಂದು ಹೋಗುವವರು. ಬೈಂದೂರಿನಲ್ಲಿ ಒಂದು ಕೊಡೆಯನ್ನೂ ಬಿಟ್ಟುಹೋದವರಲ್ಲ. ವಾದ ಮಾಡದೆ ಫೋಲ್ಡರನ್ನು ಕುಂದಾಪುರದಲ್ಲೇ ಬಿಟ್ಟೆ. ಅಲ್ಲಿಂದ ಫೈಲು ತೆವಳಿಕೊಂಡು ಬರುವಷ್ಟರಲ್ಲಿ ಅವರು ಎದುರಿನ ಹೋಟೆಲಿನಲ್ಲಿ ಬನ್ಸು ತಿಂದು, ಚಾ ಕುಡಿದು, ಪೇಪರು ಓದಿ ಮುಗಿಸುತ್ತಿದ್ದರು. ಕೆಲಸ ಯಾಕೆ ಆಗಲಿಲ್ಲ ಎಂದು ಮೇಲಿನವರು ಕೇಳಿದರೆ, “ಸರ್ವರ್ ನಿಧಾನ” ಎನ್ನುವರು. ಬೈಗುಳ ನನಗೆ.

ಅಂತೂ ಅವರಿಗೆ ಕುಂದಾಪುರಕ್ಕೇ ವರ್ಗವಾಯಿತು. ಮೂರನೇ ದಿನ ಫೋನು ಬಂತು.

“ಹ್ವಾಯ್, ಇಲ್ಲಿ ಒತ್ತೂದೇ ತಡ, ಫೈಲ್ ತೆರಕಂತತ್ತ್! ಚಾ ಕುಡುಕೂ ಪುರ್ಸೊತ್ತಿಲ್ಲೆ. ನನ್ ಫೋಲ್ಡರ್ ಒಂದ್ ಬೈಂದೂರಿಗ್ ಕಳ್ಸಿ ಕಾಂಬ.”

ಕಳಿಸಿದೆ. ಅವರದೇ ಮಾತಿನ ಪ್ರಕಾರ ಈಗ ಬೈಂದೂರಿನ ವರ್ಗವನ್ನು ಅವರು ಒಪ್ಪಿಕೊಂಡ ಹಾಗಾಯಿತು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.